ಅರ್ಧ ಮೊರ ತೌಡನ್ನು ಬಾಕಿ ಉಳಿಸಿಕೊಡುವ ಬಗ್ಗೆ

ಇಂದ:
ತೌಡಪ್ಪ ಬಿನ್ ಲೇಟ್ ಮರಿಯಣ್ಣ,
ನಿವೃತ್ತ ಅಟೆಂಡರ್, ಹಾಲಿ ಅವರೆಕಾಯಿ ವ್ಯಾಪಾರ,
ತಮ್ಮ ಕೇಂದ್ರದ ಮೆಟ್ಟಿಲಿನ ಎಡಮಗ್ಗುಲ ಫುಟ್‌ಪಾತ್, ಗಾಂಧಿಬಜಾರ್.
(ವಾಸ: ಚಾಮರಾಜಪೇಟೆ)

ಗೆ:
ಶ್ರೀ ಬದರೀನಾರಾಯಣ ಅವರು,
ಸಂಸ್ಥಾಪಕರು ಹಾಗೂ ಮುಖ್ಯ ನಾಮತಜ್ಞರು,
ನಾಮಕಲ್ಪವಲ್ಲಿ ಶಿಶು ನಾಮಕರಣ ಸಲಹಾ ಕೇಂದ್ರ,
ಮೊದಲನೇ ಮಹಡಿ, ಗಾಂಧಿಬಜಾರ್, ಬಸವನಗುಡಿ.

ವಿಷಯ: ಅರ್ಜಿದಾರನ ಮೊಮ್ಮಗನ ಹೆಸರಿನ ರಸೀದಿಯ ಮೇಲೆ ಹಾಕಿರುವ "ಬಾಕಿ ಇಲ್ಲ" ಎಂಬ ಮೊಹರನ್ನು ರದ್ದುಪಡಿಸಿ, ಬಾಕಿ ಇದೆ ಎಂದು ತಿದ್ದಿಕೊಡುವ ಕುರಿತು.

ಉಲ್ಲೇಖ: 1) ಮೇಲ್ಕಂಡ ರಸೀದಿ.
2) ಅರ್ಜಿದಾರನ ತಾಯಿ ಮುನಿಯಕ್ಕ ಹಾಗೂ ನೆರೆಮನೆಯ ಮುನಿಲಕ್ಷ್ಮಮ್ಮ ಇವರ ನಡುವೆ ತಿಪ್ಪೆಯ ಪಕ್ಕದಲ್ಲಿ ಆದ ಬಾಯಿಮಾತಿನ ಒಪ್ಪಂದ.
3) "ಏನಿದ್ರೂ ಬರ್ಕೊಂಡ್ ಬಾರಯ್ಯ" ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಅರ್ಜಿ ಬರೆಯುವ ಹೊತ್ತಿಗೆ ಧನುರ್ಮಾಸದ ಚಳಿ ಇನ್ನೂ ಬಿಟ್ಟಿರುವುದಿಲ್ಲ. ಮಾಗಡಿ ಕಡೆಯ ಟೆಂಪೋ ಬೆಳಗಿನ ಜಾವವೇ ಮೂಟೆ ಇಳಿಸಿ ಹೋಗಿರುತ್ತದೆ. ಇಬ್ಬನಿ ಕುಡಿದು ಸೊಗಡೇರಿದ ಕಾಯಿಯನ್ನು ಅರ್ಜಿದಾರನು ಗೋಣಿತಾಟಿನ ಮೇಲೆ ಸುರಿದು, ಹುಳುಕನ್ನು ಆರಿಸಿ ಬದಿಗೆ ಹಾಕುತ್ತಾ, ನಡುನಡುವೆ ಬರೆಯುತ್ತಿರುತ್ತಾನೆ. ಪಕ್ಕದಲ್ಲಿ ನೆನೆಸಿದ ಕಾಳು ಹಿತುಕುತ್ತಿರುವ ಅವನ ಹೆಂಡತಿಯು "ಬರ್ದಿದ್ದು ಸಾಕು, ತಕ್ಕಡಿ ಹಿಡೀರಿ" ಎಂದು ಈಗಾಗಲೇ ಜ್ಞಾಪನ ನೀಡಿರುತ್ತಾಳೆ. ಕಾರಣ, ಕಾಗದದ ಮೇಲೆ ಅಲ್ಲಲ್ಲಿ ಸೊಗಡಿನ ಕಲೆ ಕಂಡುಬಂದಲ್ಲಿ ಮನ್ನಿಸತಕ್ಕದ್ದು.

1. ಹೆಸರಿನ ಮೂಲದ ಬಗ್ಗೆ: ಮುನಿಯಕ್ಕನಿಗೆ ಅರ್ಜಿದಾರನಿಗಿಂತ ಮುಂಚೆ ಮೂರು ಗಂಡುಮಕ್ಕಳು ಹುಟ್ಟಿ, ಮೂರೂ ಅಂಬೆಗಾಲಿಡುವ ಮೊದಲೇ ಹೋದವು. ಮೂರಕ್ಕೂ ಒಳ್ಳೊಳ್ಳೆ ದೇವರ ಹೆಸರನ್ನೇ ಇಟ್ಟಿತ್ತು. ಆದ್ದರಿಂದ ನಾಲ್ಕನೆಯವನು ಹುಟ್ಟಿದ ಕೂಡಲೇ ಅವನನ್ನು ಹಳೇ ಸೀರೆಯಲ್ಲಿ ಸುತ್ತಿ ಹಿತ್ತಿಲ ತಿಪ್ಪೆಯ ಮೇಲೆ ಇಡಲಾಯಿತು. ಪಕ್ಕದ ಮನೆಯ ಮುನಿಲಕ್ಷ್ಮಮ್ಮನು, ಮೊದಲೇ ಮಾತಾಗಿದ್ದಂತೆ, ಏನೂ ಗೊತ್ತಿಲ್ಲದವಳ ಹಾಗೆ ಆ ದಾರಿಯಲ್ಲಿ ಬಂದು, "ಅಯ್ಯೋ, ಯಾರೋ ಮಗೀನ ಬಿಸಾಕವ್ರೆ! ನಾನೇ ಎತ್ಕೊಂಡೋಯ್ತೀನಿ" ಎಂದು ಊರಿಗೆಲ್ಲ ಕೇಳುವಂತೆ ಕೂಗಿ ಎತ್ತಿಕೊಂಡಳು. ಸಂಜೆ ತಾಯಿಯಾದವಳು ಹೋಗಿ ಒಂದು ಮೊರ ತೌಡು ಕೊಟ್ಟು ಆ ಮಗುವನ್ನು ಕೊಂಡು ತರತಕ್ಕದ್ದೆಂಬುದು ರೂಢಿ. ತೌಡೆಂದರೆ ಭತ್ತ ಕುಟ್ಟಿದಾಗ ಉಳಿಯುವುದು, ದನಕ್ಕೆ ಕಲಸಿಡುವುದು. ಅಷ್ಟು ಅಗ್ಗದ ಮಾಲೆಂದು ಗೊತ್ತಾದರೆ, ಅದೂ ಬೇರೆಯವರ ಮನೆಯದೆಂದು ಗೊತ್ತಾದರೆ, ಸಾವು ಆ ಕಡೆ ತಿರುಗಿ ನೋಡುವುದಿಲ್ಲವೆಂದು ಹಿರಿಯರ ಅಂದಾಜು. ಹೀಗೆ ಬಂದ ಹೆಸರು ತೌಡಪ್ಪ.

2. ಬಾಕಿಯ ಬಗ್ಗೆ: ಆ ಸಂಜೆ ಮುನಿಯಕ್ಕನ ಮನೆಯಲ್ಲಿ ಅರ್ಧ ಮೊರ ತೌಡು ಮಾತ್ರ ಇತ್ತು. ಅಷ್ಟನ್ನೇ ಕೊಟ್ಟು, ಉಳಿದದ್ದು ಸುಗ್ಗಿಗೆ ಎಂದು ಹೇಳಿ ಮಗುವನ್ನು ತಂದಳು. ಸುಗ್ಗಿಗೆ ಭತ್ತ ಕುಟ್ಟಿಸಿ, ಹೇಳಿದ ಮಾತಿನಂತೆ ಉಳಿದ ಅರ್ಧವನ್ನು ಹೊತ್ತುಕೊಂಡು ಹೋದಾಗ ಮುನಿಲಕ್ಷ್ಮಮ್ಮನು ಬಾಗಿಲಲ್ಲೇ ತಡೆದಳು.

"ನಿಂಗೇನ್ ತಲೆ ಕೆಟ್ಟಯ್ತಾ ಮುನಿ? ತಗೊಂಡೋಗು ಆಚೆಗೆ! ಇವತ್ತು ಲೆಕ್ಕ ಚುಕ್ತಾ ಮಾಡಿದ್ರೆ ಅವನು ನಿನ್ ಮಗ ಅಂತ ಆಗೋಯ್ತದೆ. ಮೇಲಿರೋನು ಕಿವಿ ಕೊಟ್ಕೊಂಡು ಕೂತವ್ನೆ, ಗೊತ್ತಾಗಲ್ವಾ?"

"ಮತ್ತೆ ಸಾಲ ಹಂಗೇ ಇಟ್ಕಳ್ಳಾ ಅಕ್ಕ?"

"ಇಟ್ಕೋ. ನಾನು ಕೇಳ್ತಾನೇ ಇರ್ತೀನಿ, ನೀನು ಇಲ್ಲ ಅಂತಾನೇ ಇರು."

ಅಂದಿನಿಂದ ಪ್ರತಿ ಸುಗ್ಗಿಗೂ ಮುನಿಲಕ್ಷ್ಮಮ್ಮನು ಬೀದಿಯಲ್ಲಿ ನಿಂತು, "ಏ ಮುನಿ, ನನ್ ತೌಡೆಲ್ಲೇ?" ಎಂದು ಗಂಟಲು ಹರಿಯುವ ಹಾಗೆ ಕೇಳುವಳು. ಮುನಿಯಕ್ಕನು ಒಳಗಿನಿಂದ, "ಇಲ್ಲಕ್ಕ, ಮುಂದಿನ ಸುಗ್ಗಿಗೆ" ಎಂದು ಅಷ್ಟೇ ಜೋರಾಗಿ ಹೇಳುವಳು. ಆಮೇಲೆ ಇಬ್ಬರೂ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕುವರು. ಮುನಿಯಕ್ಕನು ತೀರಿದ ಮೇಲೆ ಮುನಿಲಕ್ಷ್ಮಮ್ಮನು ಅರ್ಜಿದಾರನನ್ನೇ ಕೇಳುತ್ತಿದ್ದಳು. ಹಾಸಿಗೆ ಹಿಡಿದ ವರ್ಷವೂ, ಅರ್ಜಿದಾರನು ರಜೆ ಹಾಕಿ ನೋಡಲು ಹೋದಾಗ, ದನಿ ಏಳದಿದ್ದರೂ ಕೇಳಿದಳು. ಅರ್ಜಿದಾರನು ಮುಂದಿನ ಸುಗ್ಗಿಗೆ ಎಂದನು. ಸದರಿ ಬಾಕಿಯು ಇಂದಿಗೂ ತೀರಿರುವುದಿಲ್ಲ, ಅರ್ಜಿದಾರನು ಇಂದಿಗೂ ಬದುಕಿರುತ್ತಾನೆ.

3. ಹೆಸರಿನ ಜನಪ್ರಿಯತೆಯ ಬಗ್ಗೆ: ಅರ್ಜಿದಾರನು ಸರ್ಕಾರಿ ಕಚೇರಿಯಲ್ಲಿ ಫೈಲು ಹೊತ್ತ ಕಾಲದುದ್ದಕ್ಕೂ ಈ ಹೆಸರಿಗೆ ಯಾವ ಬೇಡಿಕೆಯೂ ಇರಲಿಲ್ಲ. "ಏ ತೌಡು, ಟೀ ತಾರೋ", "ತೌಡಪ್ಪ ಬಂದ, ಹಸು ಎಲ್ರೋ?" ಎಂಬಿತ್ಯಾದಿ ಉದ್ಗಾರಗಳು ಮೇಲಧಿಕಾರಿಗಳಿಂದಲೂ ಸಮಾನ ದರ್ಜೆಯವರಿಂದಲೂ ಬರುತ್ತಿದ್ದವು. ಅರ್ಜಿದಾರನು ಇವನ್ನು ಕಡತದಲ್ಲಿ ಇಟ್ಟುಕೊಂಡಿರುತ್ತಾನೆಯೇ ಹೊರತು ಉತ್ತರಿಸಿರುವುದಿಲ್ಲ. ಬೇಡಿಕೆ ಇಲ್ಲದ್ದಕ್ಕೆ ಕಾರಣ, ಈ ಹೆಸರು ಮಕ್ಕಳು ಸತ್ತ ಮನೆಗೆ ಮಾತ್ರ ಮಂಜೂರಾಗುತ್ತಿತ್ತು. ಇಟ್ಟ ತಾಯಂದಿರೆಲ್ಲ ಇದು ಇನ್ನೊಂದು ಮನೆಗೆ ಬಾರದಿರಲಿ ಎಂದೇ ಕೈಮುಗಿಯುತ್ತಿದ್ದರು. ಊರಿಗೆ ಆಸ್ಪತ್ರೆ ಬಂತು, ಸೂಜಿಮದ್ದು ಬಂತು, ಮಕ್ಕಳು ಉಳಿದವು, ಹೆಸರು ಅಪರೂಪವಾಯಿತು. ಆ ಅಪರೂಪವನ್ನು ತಾವು ಮಹಡಿಯ ಮೇಲೆ ಕೂತು ಮಾರುತ್ತಿದ್ದೀರಿ.

4. ಹೆಸರು ತಮಗೆ ಸಿಕ್ಕಿದ ಬಗ್ಗೆ: ಆರು ಅವರೆಕಾಯಿ ಕಾಲದ ಹಿಂದೆ ತಾವು ಮೆಟ್ಟಿಲಿಳಿದು ಬಂದು, "ಸೊಗಡಿದೆಯೇನಯ್ಯಾ?" ಎಂದು ಕೇಳಿದಿರಿ. "ಮೂಸಿ ನೋಡಿ ಸ್ವಾಮಿ" ಎಂದು ಅರ್ಜಿದಾರನು ಹೇಳಿದನು. ತೂಕ ಹಾಕುವಾಗ ಹೆಸರು ಕೇಳಿದಿರಿ. ಹೇಳಿದನು.

"ತೌಡಪ್ಪ! ಭಲೇ! ಇಷ್ಟು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಈ ಹೆಸರು ನನ್ನ ಕಂಪ್ಯೂಟರ್‌ನಲ್ಲೇ ಇಲ್ವಲ್ಲಯ್ಯಾ!"

ಎಂದು ನಕ್ಕು, ತೂಕದ ಮೇಲೆ ಕೊಸರೆಂದು ಎರಡು ಹಿಡಿ ಕಾಯಿಯನ್ನೂ ಒಂದು ಹೆಸರನ್ನೂ ಚೀಲಕ್ಕೆ ಹಾಕಿಕೊಂಡು ಹೋದಿರಿ. ಕಾಯಿಯ ಬಗ್ಗೆ ಅರ್ಜಿದಾರನ ತಕರಾರಿಲ್ಲ.

ತದನಂತರ ತಮ್ಮ ಬೋರ್ಡಿನಲ್ಲಿ "ಅತ್ಯಪರೂಪದ ಗಂಡು ಹೆಸರುಗಳು" ಎಂಬ ಸಾಲಿನಡಿ "ತೌಡಾಂಶ್" ಎಂದು ಬಂಗಾರದ ಬಣ್ಣದಲ್ಲಿ ಕಾಣಿಸಿಕೊಂಡಿತು. ತಾವು ಕೊಡುವ ಪ್ರಮಾಣಪತ್ರದಲ್ಲಿ "ಮೂಲ: ಅತಿ ಪ್ರಾಚೀನ. ಅರ್ಥ: ಧಾನ್ಯದೊಳಗಿನ ತೇಜಸ್ಸು. ಜನಪ್ರಿಯತೆ: ಶೂನ್ಯ" ಎಂದು ಅಚ್ಚಾಗಿರುತ್ತದೆ. ಆದರೆ ಇತ್ತೀಚೆಗೆ ಕೃಷ್ಣರಾವ್ ಪಾರ್ಕಿನಲ್ಲಿ ಯಾರೋ ಆ ಹೆಸರು ಕೂಗಿದಾಗ, ಜಾರುಬಂಡೆಯ ಮೇಲೆ ಸಾಲಾಗಿ ನಿಂತಿದ್ದ ಹುಡುಗರಲ್ಲಿ ಸುಮಾರು ಅರ್ಧ ಸಾಲು ತಿರುಗಿ ನೋಡಿತೆಂಬುದನ್ನು ಅರ್ಜಿದಾರನು ಕಣ್ಣಾರೆ ಕಂಡಿರುತ್ತಾನೆ.

5. ದುರ್ಬಳಕೆಯ ಬಗ್ಗೆ: ಕಳೆದ ವಾರ ಮಲ್ಲೇಶ್ವರದ ಆಂಡಾಳ್ ಎಂಬ ಹಿರಿಯರು ಮೊಮ್ಮಗನ ಕೈಹಿಡಿದು ಕಾಯಿ ಕೊಳ್ಳಲು ಬಂದಿದ್ದರು. "ತೌಡಾಂಶ್, ತುಳೀಬೇಡ್ವೋ, ಅನ್ನ ಅದು!" ಎಂದು ಗದರಿಸಿದರು. ಅರ್ಜಿದಾರನು ಗಾಬರಿಯಿಂದ ಕೈಲಿದ್ದ ತಕ್ಕಡಿ ಕೆಳಗಿಟ್ಟು ಕೇಳಿದನು:

"ಇವನಿಗಿಂತ ಮುಂಚೆ ಎಷ್ಟು ಹೋಗಿದ್ವು ತಾಯಿ?"

"ಏನು ಹೋಗಿದ್ದು?"

"ಮಕ್ಕಳು."

"ಬಿಡ್ತು ಅನ್ನಿ! ಬೆಳಗ್ಗೆ ಬೆಳಗ್ಗೆ ಏನ್ರೀ ಮಾತು ಇದು? ಇವನೇ ಮೊದಲನೇವನು!"

ಆಂಡಾಳ್ ಅವರು ಕಾಯಿ ಕೊಳ್ಳದೆ ಹೊರಟುಹೋದರು. ಈ ವ್ಯಾಪಾರ ನಷ್ಟವನ್ನು ಅರ್ಜಿದಾರನು ತಮ್ಮ ಮೇಲೆ ಹೊರಿಸುತ್ತಿಲ್ಲ, ತಮ್ಮ ಅವಗಾಹನೆಗೆ ತರುತ್ತಿದ್ದಾನೆ ಅಷ್ಟೆ.

6. ಅರ್ಜಿಗೆ ಕಾರಣವಾದ ಸಂಗತಿ: ಅರ್ಜಿದಾರನ ಒಬ್ಬಳೇ ಮಗಳು ಯಶಶ್ರೀಯನ್ನು ಹನುಮಂತನಗರದ ಶಶಿಕುಮಾರ್ ಎಂಬವರಿಗೆ ಕೊಟ್ಟಿರುತ್ತದೆ. ಅವಳಿಗೆ ಮೊದಲನೆಯದು ಹೊಟ್ಟೆಯಲ್ಲೇ ಹೋಯಿತು. ಎರಡನೆಯದಕ್ಕೆ ತೊಟ್ಟಿಲು ತಂದಿದ್ದರು, ಮಲಗಿಸುವುದಾಗಲಿಲ್ಲ. ಮೂರನೆಯವನು ಈ ಶ್ರಾವಣದಲ್ಲಿ ಹುಟ್ಟಿ, ಹಾಲು ಕುಡಿದು, ಕೈಕಾಲು ಆಡಿಸಿಕೊಂಡು ಇದ್ದಾನೆ. ಅರ್ಜಿದಾರನು ಮಗಳ ಎದುರು ಕೂತು, ರೂಢಿಯ ಪ್ರಕಾರ ಮಾಡೋಣವೆಂದು ಮೆಲ್ಲಗೆ ಕೇಳಿಕೊಂಡನು.

"ಅಪ್ಪಾ, ನಿಮ್ ಹೆಸ್ರು ನೀವೇ ಇಟ್ಕೊಳಿ. ನನ್ ಮಗು ಸ್ಕೂಲಿಗೆ ಹೋಗ್ಬೇಕು."

"ಮೊದ್ಲು ಇರ್ಲಿ ಕಣವ್ವ. ಆಮೇಲೆ ಸ್ಕೂಲು."

ಅವಳು ಎದ್ದು ಒಳಗೆ ಹೋದಳು. ಅಳುತ್ತಿದ್ದಳೆಂದು ಅಳಿಯಂದಿರು ಆಮೇಲೆ ಹೇಳಿದರು. ಅರ್ಜಿದಾರನು ಮತ್ತೆ ಆ ಮಾತೆತ್ತಲಿಲ್ಲ.

ಕಾರ್ತೀಕದಲ್ಲಿ ಅವಳೇ ಫೋನ್ ಮಾಡಿದಳು. "ಅಪ್ಪಾ, ಹೆಸ್ರು ಸಿಕ್ತು! ತೌಡಾಂಶ್. ನಿಮ್ ಅಂಗಡಿ ಮೇಲೇ ಇದಾರಲ್ಲ, ಅವರೇ ತೆಗ್ದು ಕೊಟ್ರು. ನಿಮ್ ಹೆಸ್ರೂ ಬಂದಂಗಾಯ್ತು, ಮರ್ಯಾದೇನೂ ಉಳೀತು."

ಅರ್ಜಿದಾರನು "ಆಗ್ಲಿ ಕಣವ್ವ" ಎಂದನು. ಹೊಳಪು ಕೊಟ್ಟ ಹೆಸರು ಸಾವಿನ ಕಣ್ಣಿಗೆ ಬೀಳದೆ ಇರುತ್ತದೆಯೇ ಎಂದು ಅವನಿಗೆ ಅನುಮಾನ ಬಂದದ್ದು ನಿಜ. ಅದನ್ನೂ ನುಂಗಿಕೊಂಡನು. ಆದರೆ ನಾಮಕರಣದ ದಿನ ಅಳಿಯಂದಿರು ತಮ್ಮ ರಸೀದಿಯನ್ನು ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟಿದ್ದರು. ಅದರ ಮೇಲೆ ಕೆಂಪು ಶಾಯಿಯಲ್ಲಿ "ಬಾಕಿ ಇಲ್ಲ" ಎಂಬ ಮೊಹರು. ಅದನ್ನು ಓದಿದ ಮೇಲೆ ಅರ್ಜಿದಾರನು ಊಟಕ್ಕೆ ಕೂರದೆ, ರಸೀದಿಯನ್ನು ಮೆಲ್ಲಗೆ ತೆಗೆದುಕೊಂಡು ಹೋಗಿ ಜೆರಾಕ್ಸ್ ಮಾಡಿಸಿ ತಂದಿಟ್ಟನು. ಬೆಲೆಯನ್ನು ಪೂರ್ತಿ ಕೊಟ್ಟರೆ ಮಗು ಸ್ವಂತದ್ದೆಂದು ಮೇಲಿನವನಿಗೆ ತಿಳಿದುಹೋಗುತ್ತದೆಂಬುದು ಮುನಿಲಕ್ಷ್ಮಮ್ಮನ ಮಾತು. ಅಳಿಯಂದಿರು ಒಳ್ಳೆಯವರು, ಯಾರ ಹಂಗೂ ಇಟ್ಟುಕೊಳ್ಳದವರು. ಆ ಒಳ್ಳೆಯತನವೇ ಇಲ್ಲಿ ಮುಳುವಾಗಿರುತ್ತದೆ.

7. ತಮ್ಮಲ್ಲಿ ಮೌಖಿಕವಾಗಿ ವಿನಂತಿಸಿದ ಬಗ್ಗೆ: ಅರ್ಜಿದಾರನು ಮಹಡಿ ಹತ್ತಿ ಬಂದು, ಮೇಲಿನದನ್ನೆಲ್ಲ ನಿಂತುಕೊಂಡೇ ಹೇಳಿ, ಏನಾದರೊಂದು ಬಾಕಿ ತೋರಿಸಿಕೊಡಬೇಕೆಂದು ಕೈಮುಗಿದನು.

"ಎಲ್ರೂ ಬಾಕಿ ತೀರ್ತು ಅಂತ ಬರೆಸ್ಕೊಳ್ಳೋಕೆ ಬರ್ತಾರೆ, ನೀನೊಬ್ಬ ಬಾಕಿ ಹಾಕಿ ಅಂತ ಬಂದಿದೀಯಲ್ಲಯ್ಯಾ! ಆಡಿಟ್‌ನೋರು ಕೇಳಿದ್ರೆ ಏನ್ ಹೇಳ್ಲಿ?"

"ತೌಡು ಅಂತ ಹೇಳಿ ಸ್ವಾಮಿ."

"ನೋಡಪ್ಪ, ನಿನ್ನ ಹೆಸರು ಬೇರೆ, ನಮ್ ಹೆಸರು ಬೇರೆ. ನಿಂದು ಹಳ್ಳಿ ಕಡೇದು. ನಮ್ದಕ್ಕೆ ರಿಸರ್ಚ್ ಇದೆ. ಏನಿದ್ರೂ ಬರ್ಕೊಂಡ್ ಬಾರಯ್ಯ."

ಅಂತೆಯೇ ಬರೆದುಕೊಂಡು ಬಂದಿರುತ್ತಾನೆ. ಇದನ್ನೆಲ್ಲ ಅರ್ಜಿದಾರನು ನಂಬುತ್ತಾನೆಯೇ ಎಂದು ತಾವು ಕೇಳಬಹುದು. ಅದಕ್ಕೆ ಈ ನಮೂನೆಯಲ್ಲಿ ಕಾಲಂ ಇರುವುದಿಲ್ಲ. ಮಗು ರಾತ್ರಿ ಒಂದು ಸಲ ಕೆಮ್ಮಿತೆಂದು ಮಗಳು ಫೋನ್ ಮಾಡುತ್ತಾಳೆ, ಅದಕ್ಕೂ ಕಾಲಂ ಇರುವುದಿಲ್ಲ.

ಆದ್ದರಿಂದ, ಹೆಸರು ಕೊಟ್ಟವರು ತಾವೇ ಆಗಿರುವ ಕಾರಣ ಮಗುವನ್ನು ಮಾರಿದವರೂ ತಾವೇ ಆಗುತ್ತೀರಿ. ಕಾರಣ, ಸದರಿ ಅರ್ಜಿಯ ಜೊತೆ ಅರ್ಧ ಮೊರ ತೌಡನ್ನು ತಮಗೆ ಸಲ್ಲಿಸಲಾಗಿದೆ. "ಬಾಕಿ ಇಲ್ಲ" ಎಂಬ ಮೊಹರಿಗೆ ಲಗತ್ತಿಸಿದ ಪ್ರತಿಯ ಮೇಲೆ ಗೀಟೆಳೆದು, "ಅರ್ಧ ಮೊರ ತೌಡು ಬಾಕಿ" ಎಂದು ಸ್ವಹಸ್ತದಲ್ಲಿ ಬರೆದು ಸಹಿ ಮಾಡಿಕೊಡಬೇಕಾಗಿ ಪ್ರಾರ್ಥನೆ. ಮಗಳಿಗೂ ಅಳಿಯಂದಿರಿಗೂ ತಿಳಿಸುವ ಅಗತ್ಯವಿರುವುದಿಲ್ಲ. ಉಳಿದ ಮಕ್ಕಳ ಹೆಸರನ್ನು ಹಿಂತೆಗೆದುಕೊಳ್ಳಬೇಕೆಂದು ಅರ್ಜಿದಾರನು ಕೇಳುತ್ತಿಲ್ಲ. ಅವರಿಗೆ ಅದರ ಕೆಲಸ ಬೀಳದಿರಲಿ.

ತಮ್ಮ ವಿಶ್ವಾಸಿ ಹಾಗೂ ಕಾಯಂ ಬಾಕಿದಾರ,
(ತೌಡಪ್ಪ)

ಲಗತ್ತುಗಳು:
1) ರಸೀದಿಯ ಜೆರಾಕ್ಸ್ ಪ್ರತಿ, ಅರಿಶಿನದ ಗುರುತು ಸಹಿತ.
2) ತೌಡು, ಅರ್ಧ ಮೊರ. (ಮೊರವು ಅರ್ಜಿದಾರನ ಹೆಂಡತಿಯದಾಗಿದ್ದು, ಬರಿದು ಮಾಡಿ ಇಂದೇ ಹಿಂತಿರುಗಿಸತಕ್ಕದ್ದು.)
3) ಉಳಿದ ಅರ್ಧ ಮೊರ ತೌಡು: ಲಗತ್ತಿಸಿರುವುದಿಲ್ಲ.

ವಿಶೇಷ ಸೂಚನೆ: ಪ್ರತಿ ವರ್ಷ ಅವರೆಕಾಯಿ ಇಳಿದ ಮೊದಲ ದಿನ ತಾವು ಮೆಟ್ಟಿಲಿಳಿದು ಬಂದು, ಬಜಾರಿಗೆಲ್ಲ ಕೇಳುವಂತೆ, "ಏ ತೌಡಪ್ಪ, ನನ್ ತೌಡೆಲ್ಲಯ್ಯಾ?" ಎಂದು ಅರ್ಜಿದಾರನನ್ನು ಬೈದು ಕೇಳಬೇಕಾಗಿ ಕೋರಿದೆ. ಮುಂದಿನ ಸುಗ್ಗಿಗೆ ಎಂದು ಉತ್ತರಿಸಲಾಗುವುದು. ತೌಡನ್ನು ಕೊಡಲಾಗುವುದಿಲ್ಲ.