ಸ್ವಿಚ್ ಬೋರ್ಡಿನ ಬೆಂಕಿಕಡ್ಡಿ

ಪ್ರತಿ ಮನೆಯಲ್ಲೂ ಒಬ್ಬ ಗಂಡಸು ಯಾವುದೋ ಒಂದು ವಿದ್ಯೆ ತನಗೆ ಗೊತ್ತಿದೆ ಎಂದು ನಂಬಿಕೊಂಡು ಬದುಕಿರುತ್ತಾನೆ. ಒಬ್ಬ ಕಲ್ಲಂಗಡಿ ತಟ್ಟಿ ಒಳಗೆ ಕೆಂಪಿದೆಯೋ ಇಲ್ಲವೋ ಹೇಳುತ್ತಾನೆ, ಇನ್ನೊಬ್ಬ ಮೋಡ ನೋಡಿ ಮಳೆ ಹೇಳುತ್ತಾನೆ. ನನ್ನದು ವಿದ್ಯುತ್ತು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಮೀಟರು, ತಂತಿ ಕೊಟ್ಟು ವಾಪಸು ಪಡೆದವನು ನಾನು. ಅಷ್ಟು ವರ್ಷ ತಂತಿಯ ಪಕ್ಕದಲ್ಲಿ ನಿಂತವನಿಗೆ ಕರೆಂಟಿನ ಸ್ವಭಾವ ತಿಳಿಯದೆ ಇರುತ್ತದೆಯೇ ಎಂಬುದು ನನ್ನ ವಾದ. ಒಂದು ದಿನವೂ ಪಾಠ ಹೇಳಿದವನಲ್ಲ. ಆದರೂ ಬಂಧುಗಳೆಲ್ಲ ನನ್ನನ್ನು ಮಾಸ್ತರ ಎಂದೇ ಕರೆಯುತ್ತಾರೆ. ನಾನೂ ತಿದ್ದಲು ಹೋಗಿಲ್ಲ.

ಶಹಾಬಜಾರದ ನಮ್ಮ ಹಳೆಯ ಮನೆಯ ಅಡುಗೆಮನೆಯಲ್ಲಿ ಟ್ಯೂಬ್‌ಲೈಟು ಮಿಣಮಿಣ ಎನ್ನತೊಡಗಿದರೆ ನನ್ನ ಹೆಂಡತಿ ನೀಲಮ್ಮ, "ರೀ, ಬರ್ರಿ ಇಲ್ಲಿ, ನಿಮ್ಮ ಲೈಟ ಕುಣಿಲಿಕತ್ತಾದ" ಎಂದು ಕೂಗುತ್ತಿದ್ದಳು. ನೆಟ್ಟಗೆ ಉರಿಯುವಾಗ ಅದು ಮನೆಯ ಲೈಟು, ಕೆಟ್ಟಾಗ ನನ್ನ ಲೈಟು. ನಾನು ಸ್ಟೂಲು ತಂದು, ರಬ್ಬರ್ ಚಪ್ಪಲಿ ಮೆಟ್ಟಿ, ಮೇಲೆ ಹತ್ತುತ್ತಿದ್ದೆ. ಅಡುಗೆಮನೆಯಲ್ಲಿ ಚಪ್ಪಲಿಗೆ ಅಪ್ಪಣೆ ಸಿಗುತ್ತಿದ್ದುದು ಆ ಒಂದು ಕೆಲಸಕ್ಕೆ ಮಾತ್ರ. ಟ್ಯೂಬನ್ನು ಎರಡು ಬೆರಳಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಟ್ಟುತ್ತಿದ್ದೆ. ಕೆಳಗೆ ಸ್ವಿಚ್ ಬೋರ್ಡಿನ ಹತ್ತಿರ ಅವಳ ಬಳೆ ಸಣ್ಣಗೆ ಸದ್ದು ಮಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆಳಕು ನಿಲ್ಲುತ್ತಿತ್ತು. "ಕಾಂಟ್ಯಾಕ್ಟ್ ಸಡಿಲ ಆಗಿತ್ತು" ಎಂದು ಗಂಭೀರವಾಗಿ ಇಳಿಯುತ್ತಿದ್ದೆ. "ನಿಮ್ಮ ಕೈಗುಣ ರೀ" ಎಂದು ಅವಳು ಮತ್ತೆ ರೊಟ್ಟಿ ಬಡಿಯುತ್ತಿದ್ದಳು.

ಹೋದ ಚಳಿಗಾಲದಲ್ಲಿ ನೀಲಮ್ಮ ತೀರಿಕೊಂಡಳು. ಮಾತಾಡಿಸಲು ಜನ ಬರುತ್ತಾರೆಂದು ನಾನು ಮನೆ ಸ್ವಚ್ಛ ಮಾಡತೊಡಗಿದೆ. ದುಃಖದಲ್ಲಿರುವವನ ಕೈಗೆ ಪೊರಕೆ ಕೊಡಬಾರದು. ಅವನಿಗೆ ನಿಲ್ಲಿಸಲು ಬರುವುದಿಲ್ಲ. ಜೇಡರ ಬಲೆ ತೆಗೆದೆ, ಡಬ್ಬಿಗಳನ್ನು ಒರೆಸಿದೆ. ಸ್ವಿಚ್ ಬೋರ್ಡಿನ ಸಂದಿಯಲ್ಲಿ ಒಂದು ಮುರುಕು ಬೆಂಕಿಕಡ್ಡಿ ಸಿಕ್ಕಿಕೊಂಡಿತ್ತು, ಕಿತ್ತು ಎಸೆದೆ. ಒಳಗೆ ಒರೆಸಲು ಏನೂ ಉಳಿಯದೆ ಹೊರಗೆ ಹೋಗಿ ಕಾರಿನ ಬಾನೆಟ್ಟು ಎತ್ತಿದರೆ ಅಲ್ಲೊಂದು ಹಳೆಯ ಕೌದಿಯ ತುಂಡು. ಇಲಿ ತಂದಿಟ್ಟಿರಬೇಕೆಂದು ಅದನ್ನೂ ಎಸೆದೆ.

ಬಂದವರೆಲ್ಲ ಹೋದ ಮೇಲೆ ಅಡುಗೆಮನೆಯ ಲೈಟು ಕುಣಿಯತೊಡಗಿತು. ತಟ್ಟಿದೆ, ನಿಲ್ಲಲಿಲ್ಲ. ಸ್ಟಾರ್ಟರ್ ಬದಲಿಸಿದೆ, ಚೋಕ್ ಬದಲಿಸಿದೆ, ಕೊನೆಗೆ ಟ್ಯೂಬನ್ನೇ ತೆಗೆದು ಹೊಸ ಎಲ್‌ಇಡಿ ಹಾಕಿದೆ. ಅದೂ ಕುಣಿಯಿತು. ಒಂದೆರಡು ಸಂಜೆ ಅದರ ಕೆಳಗೆ ನಿಂತು, "ಏನು ಬೇಕು ಹೇಳು" ಎಂದು ಕೇಳಿದ್ದೂ ಉಂಟು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕಳೆದವನು ಕೇಳಬಾರದ ಪ್ರಶ್ನೆ.

ಕಮಲಾಪುರದಲ್ಲಿರುವ ನೀಲಮ್ಮನ ಅಕ್ಕ ಶಾಂತಕ್ಕ ಒಂದು ದಿನ ಹೇಳದೆ ಬಂದು, ನಾನು ಎಡಗೈಯಲ್ಲಿ ಟಾರ್ಚ್ ಹಿಡಿದು ಬಲಗೈಯಲ್ಲಿ ಉಣ್ಣುವುದನ್ನು ನೋಡಿಬಿಟ್ಟರು.

"ಮಾಸ್ತರ, ಇದು ಊಟನೋ ಕಳ್ಳತನನೋ?"

"ಕಾಂಟ್ಯಾಕ್ಟ್ ಸಡಿಲ ಆಗ್ಯಾದ ಅಕ್ಕಾರ. ಮಾಡ್ತೀನಿ."

"ಒಂದು ಲೈಟ ಹಚ್ಚಕೊಂಡು ಉಣ್ಣಲಿಕ್ಕ ಬರಲ್ದವರು ಒಬ್ಬರೇ ಹ್ಯಾಂಗ ಇರ್ತೀರಿ? ಯುಗಾದಿ ತನಕ ನೋಡ್ತೀನಿ. ಆಮ್ಯಾಲ ಮನಿಗಿ ಕೀಲಿ ಹಾಕಿ ನಮ್ಮಲ್ಲಿಗಿ ಬಂದುಬಿಡ್ರಿ."

ಅವರು ಹೇಳಿದ್ದು ಪ್ರೀತಿಯಿಂದಲೇ. ಅವರ ಮನೆಯಲ್ಲಿ ಜನ ಇದ್ದಾರೆ, ಬಿಸಿ ರೊಟ್ಟಿ ಇದೆ, ಹಿತ್ತಲಲ್ಲಿ ಕೆಂಪು ಬಾಳೆಯಿದೆ. ಆದರೆ "ನಿಮ್ಮ ಲೈಟ" ಎಂದು ನನ್ನನ್ನು ಕೂಗಿದ ಅಡುಗೆಮನೆ ಇರುವುದು ಶಹಾಬಜಾರದಲ್ಲಿ. ಅದಕ್ಕೆ ಕೀಲಿ ಹಾಕಿ ನಾನು ಎಲ್ಲಿಗೆ ಹೋಗಲಿ?

ಯುಗಾದಿಗೆ ವಾರ ಇರುವಾಗ ಮಾನ ಬಿಟ್ಟು ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಮೆಹಬೂಬ್ ಸಾಬರನ್ನು ಕರೆದೆ. ಅವರು ಮೇಲೆ ನೋಡಲೇ ಇಲ್ಲ. ನೇರವಾಗಿ ಬೋರ್ಡಿನ ಹತ್ತಿರ ಹೋಗಿ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದರು. ಲೈಟು ನಿಂತಿತು. ಬಿಟ್ಟರು, ಕುಣಿಯಿತು.

"ಸ್ವಿಚ್ ಸವದು ಸಡಿಲ ಆಗ್ಯಾದ್ರಿ ಸಾಹೇಬ್ರ. ಇಲ್ಲೊಂದು ಕಡ್ಡಿ ಇತ್ತಲ್ರಿ, ಎಲ್ಲದ?"

"ಕಸ ಅಂತ ಒಗದೀನಿ."

"ಅರೇ, ಇಷ್ಟು ವರ್ಷ ಹಿಡದಿದ್ದೇ ಅದು. ಸಡಿಲ ಆದಾಗೊಮ್ಮೆ ಅಮ್ಮಾರು ಹೊಸ ಕಡ್ಡಿ ತುರುಕತಿದ್ರು. ಹಂಗ ಮಾಡಬ್ಯಾಡ್ರಿ, ಸುಡತದ ಅಂತ ನಾನೂ ಹೇಳೀನಿ. 'ಸಾಹೇಬರು ಇಲ್ಲದಾಗ ಬಂದು ಹೊಸ ಸ್ವಿಚ್ ಹಾಕಿ ಹೋಗು' ಅಂತಿದ್ರು." ಸಾಬರು ಸ್ಕ್ರೂ ಬಿಚ್ಚುತ್ತ ನನ್ನ ಕಡೆ ನೋಡದೆ ಹೇಳಿದರು, "ನಾ ಬಂದಾಗೆಲ್ಲ ನೀವು ಮನ್ಯಾಗೇ ಇರ್ತಿದ್ರಿ."

ಹತ್ತು ನಿಮಿಷದಲ್ಲಿ ಹೊಸ ಸ್ವಿಚ್ ಬಂತು. ಬೆಳಕು ಕಲ್ಲಿನ ಹಾಗೆ ನಿಂತಿತು. ನಾನು ಆ ಬೆಳಕಲ್ಲಿ ಸ್ಟೂಲಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಅದು ಕೂರುವುದಕ್ಕೂ ಬರುತ್ತದೆ ಎಂದು ಆವತ್ತು ಗೊತ್ತಾಯಿತು.

ಮರುದಿನ ಸಂಜೆ ಶಾಂತಕ್ಕನಿಗೆ ವರದಿ ಒಪ್ಪಿಸಲು ಕಾರು ತೆಗೆದೆ. ಊರು ದಾಟುತ್ತಲೇ ರಸ್ತೆಯ ಪ್ರತಿ ತಗ್ಗಿಗೂ ಹೆಡ್‌ಲೈಟು ಆರಿ ಹತ್ತತೊಡಗಿತು. ಎದುರು ಬಂದ ಲಾರಿಯವನು, ನಾನು ಸನ್ನೆ ಮಾಡುತ್ತಿದ್ದೇನೆಂದು ತಿಳಿದು ತಾನೂ ಲೈಟು ಮಿಟುಕಿಸಿ ಹೋದ. ಕಮಲಾಪುರದ ಅಂಚಿನಲ್ಲಿ ಒಬ್ಬ ಮೆಕ್ಯಾನಿಕ್ ಬಾನೆಟ್ಟು ಎತ್ತಿದ. "ಬ್ಯಾಟರಿ ಅಲ್ಲಾಡಿ ವೈರ್ ಸಡಿಲ ಆಗ್ಯಾದ್ರಿ. ಮೊದಲ ಬಾಜೂಕ ಏನರ ತುರುಕಿದ್ರೇನು?"

"ಕೌದಿ" ಎಂದೆ. ಅದನ್ನು ತಂದಿಟ್ಟಿದ್ದು ಇಲಿಯಲ್ಲ. ಅವನು ಹೆಚ್ಚು ಕೇಳದೆ ಬ್ಯಾಟರಿಯ ಪಟ್ಟಿ ಬಿಗಿದು ಕಳಿಸಿದ.

ಶಾಂತಕ್ಕ ಬಾಗಿಲಲ್ಲೇ ನಿಂತಿದ್ದರು. "ಲೈಟ ಆತೇನ್ರಿ ಮಾಸ್ತರ?"

"ಆತು."

"ಯಾರು ಮಾಡಿದ್ರು?"

"ನಾನೇ" ಎಂದುಬಿಟ್ಟೆ. ಮೂವತ್ತು ವರ್ಷದ ರೂಢಿ.

ಅವರು ನನ್ನ ಮುಖವನ್ನೇ ನೋಡಿದರು. "ಹಂಗಾರ ನಮ್ಮ ಪಡಸಾಲಿದೂ ಎರಡು ದಿನದಿಂದ ಕುಣಿಲಿಕತ್ತಾದ. ಅದನ್ನ ನಿಲ್ಲಸ್ರಿ. ನಿಲ್ಲಿಸಿದ್ರ ಕೀಲಿ ಮಾತು ಎತ್ತಂಗಿಲ್ಲ."

ಸ್ಟೂಲು ತಂದುಕೊಟ್ಟರು. ಹತ್ತಿದೆ. ಈ ವಿದ್ಯೆ ನನಗೆ ಗೊತ್ತಿಲ್ಲ ಎಂದು ಗೊತ್ತಾದ ಮೇಲೆ ಮೊದಲ ಸಲ ಹತ್ತಿದ್ದು. ಎಡಕ್ಕೊಮ್ಮೆ ತಟ್ಟಿದೆ, ಬಲಕ್ಕೊಮ್ಮೆ ತಟ್ಟಿದೆ. ಕೆಳಗೆ ಸ್ವಿಚ್ ಬೋರ್ಡಿನ ಹತ್ತಿರ ಬಳೆ ಸಣ್ಣಗೆ ಸದ್ದು ಮಾಡಿತು. ಲೈಟು ನಿಂತಿತು.

"ನೀಲಾ ಹೇಳತಿದ್ಲು" ಎಂದರು ಶಾಂತಕ್ಕ, "ನಿಮ್ಮ ಕೈಗುಣ ಛಲೋ ಅದ ಅಂತ. ಇರ್ರಿ ಬಿಡ್ರಿ, ನಿಮ್ಮ ಮನ್ಯಾಗ ನೀವು."

"ಕಾಂಟ್ಯಾಕ್ಟ್ ಸಡಿಲ ಆಗಿತ್ತು ಅಕ್ಕಾರ" ಎಂದೆ, ಮೇಲೆಯೇ ನೋಡುತ್ತ. ಅವರ ಕೈ ಬೋರ್ಡಿನಿಂದ ದೂರ ಸರಿಯುವವರೆಗೂ ನಾನು ಕೆಳಗೆ ನೋಡಲಿಲ್ಲ. ಅಷ್ಟು ವರ್ಷ ತಿಳಿಯದೆ ಮಾಡಿದ ಕೆಲಸವನ್ನು ಅವತ್ತು ತಿಳಿದು ಮಾಡಿದೆ.