ಮಾವ ಕಲಿಸಿದ ಸಿಟ್ಟು

ನನ್ನ ಮಾವನಷ್ಟು ಸಿಟ್ಟಿನ ಮಾಸ್ಟ್ರು ಇಡೀ ಬೆಳ್ತಂಗಡಿ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಅವರಿಗೆ ಸಿಟ್ಟೇ ಬರುವುದಿಲ್ಲ ಎಂಬುದು ಬೇರೆ ವಿಷಯ! ದಿನಕ್ಕೆ ಆರು ಪೀರಿಯಡ್ಡು ಹುಬ್ಬು ಹಣೆಗೇರಿಸಿ ಮಕ್ಕಳನ್ನು ನಡುಗಿಸುವ ಈ ಮನುಷ್ಯ, ಚಹಾಕ್ಕೆ ಸಕ್ಕರೆ ಹಾಕಲು ಮರೆತ ಅತ್ತೆಗೆ "ಒಳ್ಳೆದಾಗಿದೆ" ಎನ್ನುತ್ತಾರೆ. ಯೌವನದಲ್ಲಿ ಎರಡು ವರ್ಷ ಯಕ್ಷಗಾನ ಮೇಳದೊಂದಿಗೆ ತಿರುಗಿದವರು. ಬಣ್ಣ ತೊಳೆದರೂ ವೇಷ ಕಳಚಿಲ್ಲ. ಸಿಟ್ಟು ಬರುತ್ತಿದ್ದದ್ದು ನನಗೆ. ಅವರು ನನಗೆ ಕೊಟ್ಟ ತಾಲೀಮು ಈಗಲೂ ನೆನೆದರೆ ಮೈ ಉರಿಯುತ್ತದೆ.

ಬಂಟ್ವಾಳದವನಾದ ನಾನು ಟಿ.ಸಿ.ಎಚ್. ತರಬೇತಿ ಮುಗಿಸಿ, ಮಾವನದೇ ಶಾಲೆಗೆ ತಾತ್ಕಾಲಿಕ ಮಾಸ್ಟ್ರಾಗಿ ಸೇರಿ, ಲಾಯಿಲದ ಅವರ ಮನೆಯಲ್ಲೇ ಉಳಿದುಕೊಂಡೆ. ನನಗೆ ಬರುವ ವಿದ್ಯೆ ಒಂದೇ: ಯಾರ ದನಿಯನ್ನಾದರೂ ಅನುಕರಿಸುವುದು. ಗಲಾಟೆ ತಡೆಯಲಾರದೆ ಒಂದು ದಿನ ಹೆಡ್‌ಮಾಸ್ಟ್ರ ದನಿಯಲ್ಲಿ ಗದರಿಸಿದೆ. ನಲವತ್ತು ಮಕ್ಕಳೂ ಚಪ್ಪಾಳೆ ತಟ್ಟಿದವು!

"ಇನ್ನೊಮ್ಮೆ ಸಾರ್!"

"ಈಗ ಡ್ರಿಲ್ ಮಾಸ್ಟ್ರದ್ದು ಮಾಡಿ ಸಾರ್!"

ಬಾಗಿಲಲ್ಲಿ ನಿಜವಾದ ಹೆಡ್‌ಮಾಸ್ಟ್ರು ನಿಂತಿದ್ದರು. ಅವರೂ ತಮ್ಮದೇ ದನಿಯಲ್ಲಿ, ನನ್ನಷ್ಟು ಚೆನ್ನಾಗಿ ಅಲ್ಲದಿದ್ದರೂ, ಹೇಳಿದರು: "ಮುಂದಿನ ತಿಂಗಳು ಸಂಚಾಲಕರು ನಿಮ್ಮ ಕ್ಲಾಸಿನಲ್ಲಿ ಕೂತು ನೋಡ್ತಾರೆ. ಹೀಗೇ ಇದ್ದರೆ ನಿಮಗೆ ಇಲ್ಲಿ ಕೆಲಸ ಇಲ್ಲ." ಸಂಚಾಲಕರೆಂದರೆ ಶಾಲೆ ನಡೆಸುವ ಯಜಮಾನರು. ಅವರು ಬೇಡವೆಂದರೆ ಬೇಡ, ಮುಗಿಯಿತು.

"ನಿನಗೆ ಎಲ್ಲರ ದನಿಯೂ ಉಂಟು, ನಿಲ್ಲಲಿಕ್ಕೆ ನಿನ್ನದೊಂದು ಕಾಲಿಲ್ಲ" ಎಂದು ಮಾವ ನನ್ನನ್ನು ತಿದ್ದಲು ಹೊರಟರು. ಮೊದಲನೆಯ ಪಾಠ, ಯಕ್ಷಗಾನದವರ ಹಾಗೆ, ಪ್ರವೇಶ. ಅತ್ತೆ ಮೂಡಬಿದಿರೆಯಿಂದ ತಂದ ಹೊಸ ಬೆಡ್‌ಶೀಟು ತೆರೆಯಾಯಿತು. ಒಂದು ತುದಿ ಕಿಟಕಿಗೆ, ಇನ್ನೊಂದು ಅತ್ತೆಯ ಕೈಗೆ. ನಾನು ಅದರ ಹಿಂದಿನಿಂದ ಬರಬೇಕು, ನಿಲ್ಲಬೇಕು, ಕೊನೆಯ ಬೆಂಚಿನವನ ಕಣ್ಣು ಹಿಡಿಯಬೇಕು.

"ಎಂತ ಮಾರಾಯ, ಮಜ್ಜಿಗೆ ಕೇಳ್ಲಿಕ್ಕೆ ಬಂದವನ ಹಾಗೆ ಬರ್ತೀಯಲ್ಲ! ಹೋಗು, ಪುನಃ ಬಾ."

ಹದಿನೇಳು ಸಲ! ಕಡೆಗೆ ಹಲ್ಲು ಕಚ್ಚಿಕೊಂಡು ಬಂದು ನಿಂತೆ. ಮಾವ ಬೆರಗಾಗಿ ಅತ್ತೆಯ ಮುಖ ನೋಡಿದರು. ಅತ್ತೆ ಹೇಳಿದರು: "ಬಂದದ್ದು ಆಯ್ತಲ್ಲ? ನನ್ನ ಬೆಡ್‌ಶೀಟು ಕೊಡಿ, ಒಗೀಲಿಕ್ಕುಂಟು."

ಎರಡನೆಯದು ದನಿ. ಕಿರುಚದೆ ಹಿಂದಿನವನಿಗೆ ಮುಟ್ಟಿಸಬೇಕು. ಇದಕ್ಕೆ ಮಾವ ಹುಡುಕಿದ ಜಾಗ ಉಜಿರೆ ಬಸ್ಸು! ಅವರು ಕೊನೆಯ ಸೀಟಿನಲ್ಲಿ, ನಾನು ಡ್ರೈವರನ ಹತ್ತಿರ ನಿಂತು ಏಳರ ಮಗ್ಗಿ ಹೇಳುವುದು. ಸಿಟ್ಟಿಗೆ, ನಾಚಿಕೆಗೆ ಕಿವಿ ಕಾದುಹೋಯಿತು. ಕಂಡಕ್ಟರ್ ಬಂದ. "ಮಾಸ್ಟ್ರೇ, ಏಳೆಂಟು ಐವತ್ತಾರು ಎಲ್ಲರಿಗೂ ಕೇಳಿತು. ಇನ್ನು ಟಿಕೆಟ್ ತೆಗೀರಿ."

ಮೂರನೆಯದು ಸಿಟ್ಟು. "ದನಿ ಏರಿಸ್ಬೇಡ, ಇಳಿಸು. ಸೀಮೆಸುಣ್ಣ ಮೇಜಿನ ಮೇಲಿಡು. ಮೂರು ಎಣಿಸು. ಆಮೇಲೆ ಹುಬ್ಬು."

"ನಿಜವಾಗಿ ಸಿಟ್ಟು ಬಂದರೆ ಮಾವಾ?" ನನಗಂತೂ ಆಗಲೇ ಬಂದಿತ್ತು.

"ಬರಬಾರದು. ಸಿಟ್ಟು ವೇಷಕ್ಕೆ. ಒಳಗಿನವನಿಗೆ ಬಂತೋ, ಕಿರೀಟ ಜಾರ್ತದೆ."

ಸಂಚಾಲಕರು ಬಂದ ದಿನ ನಾನು ಬಾಗಿಲಲ್ಲಿ ನಿಂತೆ. ನೋಡಿದೆ. ಸೀಮೆಸುಣ್ಣ ಇಟ್ಟೆ. ನಲವತ್ತು ಬಾಯಿ ಮುಚ್ಚಿದವು! ಇಪ್ಪತ್ತು ನಿಮಿಷ ಭಿನ್ನರಾಶಿ ಹೊಳೆಯಂತೆ ಹರಿಯಿತು. ಪಕ್ಕದ ಕ್ಲಾಸಿಗೂ ನಮಗೂ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ. ಅದರಾಚೆ ಮಾವ ಪಾಠ ನಿಲ್ಲಿಸಿ ಕಿವಿಗೊಟ್ಟದ್ದು ನನಗೆ ಗೊತ್ತಾಯಿತು. ಆಗ ಕೊನೆಯ ಬೆಂಚಿನಿಂದ, ತುಂಬು ಪ್ರೀತಿಯಿಂದ, ಒಂದು ದನಿ: "ಸಾರ್, ಇವತ್ತು ಸಂಚಾಲಕರದ್ದು ಮಾಡ್ತೀರಾ?"

ಕ್ಲಾಸು ಹೋ ಎಂದಿತು. ಸಂಚಾಲಕರು ಎದ್ದರು. "ಓಹೋ, ನನ್ನದೂ ಉಂಟಾ? ಕೋಡಂಗಿಗೆ ಶಾಲೆ ಯಾಕೆ? ನಾಳೆಯಿಂದ ಬರುವುದು ಬೇಡ!"

ಮಕ್ಕಳೆದುರು ಹೇಳಿದರು. ಮೂರು ಎಣಿಸಿದೆ. ಮೂವತ್ತು ಎಣಿಸಿದರೂ ಇಳಿಯುವ ಸಿಟ್ಟಲ್ಲ ಅದು.

ಅಷ್ಟರಲ್ಲಿ ತಟ್ಟಿ ಬಿದ್ದೀತೆನ್ನುವ ಹಾಗೆ ಮಾವ ನುಗ್ಗಿದರು. ಬಾಗಿಲಲ್ಲಿ ನಿಲ್ಲಲಿಲ್ಲ. ಯಾರ ಕಣ್ಣೂ ಹಿಡಿಯಲಿಲ್ಲ. ಪಂಚೆ ಬೆಂಚಿಗೆ ಸಿಕ್ಕಿ ಮುಗ್ಗರಿಸಿದರು, ಕನ್ನಡಕ ಮೂಗಿನ ತುದಿಗೆ ಜಾರಿತು. "ಕೋಡಂಗಿ ಅಂತೀರಾ? ಇವನ... ಇವನ ಕ್ಲಾಸಿಗೆ ಮಕ್ಕಳು ಓಡಿ ಬರ್ತಾರೆ! ನನ್ನ ಕ್ಲಾಸಿಗೆ... ಹೆದರಿ ಬರ್ತಾರೆ. ಇವನು ಹೋದ್ರೆ ನಾನೂ... ನಾನೂ ಹೋಗ್ತೇನೆ!" ದನಿ ನಡುವಿನಲ್ಲೇ ಒಡೆಯಿತು. ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಗಿತ್ತು.

ಸಂಚಾಲಕರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ವರ್ಷ ಮುಗಿಯಲಿ, ಆಮೇಲೆ ನೋಡುವ" ಎಂದು ಹೊರಟುಹೋದರು.

ಮನೆ ಮುಟ್ಟಿದಾಗ ಅತ್ತೆ "ಎಂತಾಯ್ತು?" ಎಂದರು. ಮಾವ ಚಪ್ಪಲಿ ಬಿಡುತ್ತ ಹೇಳಿದರು: "ಇವನದ್ದು ಚಂದ ಆಯ್ತು. ನನ್ನ ಕಿರೀಟ ಜಾರಿತು."

ನಡೆದದ್ದನ್ನು ನಾನು ಹೇಳಿದರೂ ಅತ್ತೆಗೆ ನಂಬಿಕೆಯೇ ಬರಲಿಲ್ಲ. "ಇವರಿಗೆ ಸಿಟ್ಟಾ! ಹೇಗೆ ಮಾಡಿದ್ರು, ಒಮ್ಮೆ ಮಾಡಿ ತೋರ್ಸು ಮಾರಾಯ."

ಎದ್ದು ನಿಂತೆ. ಮಾವನ ಕನ್ನಡಕ ತೆಗೆದು ನನ್ನ ಮೂಗಿನ ತುದಿಗೆ ಇಟ್ಟುಕೊಂಡೆ. ತಾಲೂಕಿನ ಯಾರ ದನಿಯನ್ನು ಕೇಳಿದರೂ ಮಾಡಿ ತೋರಿಸುವ ನಾನು ಬಾಯಿ ತೆರೆದೆ. ದನಿ ಹೊರಡಲಿಲ್ಲ.