ಮಾದೇವಿಯಿಲ್ಲದೆ ಪ್ರೊಜೆಕ್ಟರು ನಡೆಸುವ ಕ್ರಮ

ಯಾವ ಕೆಲಸವನ್ನೂ ತೀರಾ ಚೆನ್ನಾಗಿ ಮಾಡಬಾರದು ಎಂಬುದು ನನ್ನ ಬಹುಕಾಲದ ನಂಬಿಕೆ. ಚೆನ್ನಾಗಿ ಮಾಡಿದವರ ತಲೆಯ ಮೇಲೇ ಮುಂದಿನ ಕೆಲಸವೂ ಬಂದು ಕೂರುತ್ತದೆ. ಶಾಲೆಯಲ್ಲಂತೂ ನಿಮ್ಮ ಅಕ್ಷರ ದುಂಡಗಿದೆ ಎಂದು ಒಮ್ಮೆ ಗೊತ್ತಾದರೆ ಮುಗಿಯಿತು, ನಿವೃತ್ತಿಯ ದಿನದವರೆಗೂ ಎಲ್ಲ ಪ್ರಶಸ್ತಿ ಪತ್ರಗಳ ಮೇಲೆ ಮಕ್ಕಳ ಹೆಸರು ಬರೆಯುವುದು ನಿಮ್ಮ ಪಾಲಿಗೆ. ಹಾಗಾಗಿ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಎಚ್ಚರ ವಹಿಸಿ ನನ್ನ ಅಕ್ಷರವನ್ನು ಕೆಡಿಸಿಕೊಂಡೆ. ಸ್ವಾತಂತ್ರ್ಯ ದಿನದ ಹಾಡಿಗೆ ಕರೆದಾಗ ಬೇಕೆಂದೇ ಶ್ರುತಿ ಬಿಟ್ಟೆ. ಬೇಕೆಂದು ಬಿಡುವ ಅಗತ್ಯವಿರಲಿಲ್ಲ ಎಂದು ಅಲ್ಲಿದ್ದವರು ಆಮೇಲೆ ಹೇಳಿದರು. ಮನೆಯಲ್ಲೂ ಅಷ್ಟೇ. ಪತ್ರೊಡೆ ಒಂದು ಸಲ ಚೆನ್ನಾಗಿ ಬಂದುಬಿಟ್ಟಿತು, ಅಂದಿನಿಂದ ಮಳೆಗಾಲ ಹಿಡಿಯಿತೆಂದರೆ ನಮ್ಮ ಯಜಮಾನರು ಎಲ್ಲಿಂದಲೋ ಕೆಸುವಿನ ಎಲೆ ಹಿಡಿದುಕೊಂಡೇ ಒಳಗೆ ಬರುತ್ತಾರೆ. ಇಷ್ಟೆಲ್ಲ ತಿಳಿದಿದ್ದೂ ಈಚೆಗೆ ಒಂದು ಕೆಲಸವನ್ನು ಮನಸ್ಸಿಟ್ಟು, ಲೋಪವಿಲ್ಲದಂತೆ ಮಾಡಿಬಿಟ್ಟೆ. ಅದನ್ನು ಈಗ ಅನುಭವಿಸುತ್ತಿದ್ದೇನೆ.

ನಮ್ಮ ಶಾಲೆ ಹೊನ್ನಾವರದಿಂದ ಅಪ್ಸರಕೊಂಡದ ಕಡೆಗೆ ಹೋಗುವ ದಾರಿಯಲ್ಲಿದೆ. ಜಲಪಾತ ನೋಡಲು ಬಂದವರು ಕಾರು ನಿಲ್ಲಿಸಿ ಕಿಟಕಿಯಲ್ಲೇ ದಾರಿ ಕೇಳುತ್ತಾರೆ, ಇಡೀ ತರಗತಿ ಒಟ್ಟಾಗಿ ಕೈ ತೋರಿಸುತ್ತದೆ. ಆ ಸಮಯದಲ್ಲಿ ನಾನು ಹೇಳುತ್ತಿದ್ದ ಅಕ್ಬರನೋ ಅಶೋಕನೋ ಬಾಯಿ ಮುಚ್ಚಿಕೊಂಡು ನಿಂತಿರಬೇಕು. ಇಂಥ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಪ್ರೊಜೆಕ್ಟರು, ಒಂದು ಲ್ಯಾಪ್‌ಟಾಪು ಕೊಟ್ಟರು. ಜತೆಯಲ್ಲಿ ಶಿಕ್ಷಕರಿಗಾಗಿ ಬಣ್ಣದ ಮಾರ್ಗದರ್ಶಿಯೂ ಬಂತು. ಅದರ ರಕ್ಷಾಪುಟದ ಮೇಲೆ ಒಬ್ಬ ಶಿಕ್ಷಕಿ ನಗುತ್ತ ನಿಂತಿದ್ದಳು. ಸೀರೆಯ ಮೇಲೆ ಸೀಮೆಸುಣ್ಣದ ಪುಡಿ ಎಂಬುದು ಒಂದು ಚಿಟಿಕೆಯೂ ಇರಲಿಲ್ಲ. ಒಳಗೆ ‘ಮೊದಲಿಗೆ ನಿಮ್ಮ ತರಗತಿಯಲ್ಲಿ ಅಂತರ್ಜಾಲ ಸಂಪರ್ಕ ಉತ್ತಮವಾಗಿರುವುದನ್ನು ಖಚಿತಪಡಿಸಿಕೊಳ್ಳಿ’ ಎಂದು ಬರೆದಿತ್ತು. ನಮ್ಮಲ್ಲಿ ಅಂತರ್ಜಾಲ ಉತ್ತಮವಾಗಿರುವುದು ಬಾವಿಕಟ್ಟೆಯ ಹತ್ತಿರ ಮಾತ್ರ. ನಾನು ಮಾರ್ಗದರ್ಶಿಯನ್ನು ಪ್ರೊಜೆಕ್ಟರಿನ ಅಡಿಗೆ ಎತ್ತರಕ್ಕೆಂದು ಇಟ್ಟೆ.

ಯಂತ್ರವನ್ನು ನಡೆಸಿದವಳು ಮಾದೇವಿ. ಅವಳೂ ನಮ್ಮ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು, ಗಣಿತದವಳು, ನನಗಿಂತ ಚಿಕ್ಕವಳು. ಆರು ಮತ್ತು ಏಳನೇ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ ನಾವಿಬ್ಬರೂ ಜತೆಯಾಗಿ ಪಾಠ ಮಾಡುವ ಪದ್ಧತಿ ಅದು ಹೇಗೋ ಹುಟ್ಟಿಕೊಂಡಿತು. ಮಾತು ನನ್ನದು, ಯಂತ್ರ ಅವಳದು. ಯಕ್ಷಗಾನದ ಭಾಗವತರಿಗೆ ಮದ್ದಲೆ ಇದ್ದ ಹಾಗೆ. ನಾನು ‘ಆಗ ಶಾಹಜಹಾನ್ ಏನು ಮಾಡಿದ’ ಎನ್ನುವಷ್ಟರಲ್ಲಿ ಪರದೆಯ ಮೇಲೆ ತಾಜಮಹಲು ಬಂದು ನಿಂತಿರುತ್ತಿತ್ತು, ನಾನು ಕಣ್ಣು ಹಾಯಿಸುವ ಮೊದಲೇ. ನಾನು ಹಳಿ ತಪ್ಪಿ ನಮ್ಮ ಮಾವನವರ ಕಥೆಗೆ ಇಳಿದೆನೆಂದರೆ ಅವಳು ಸದ್ದಿಲ್ಲದೆ ಮುಂದಿನ ಚಿತ್ರ ಹಾಕಿ ನನ್ನನ್ನು ಮತ್ತೆ ಆಗ್ರಾಕ್ಕೆ ತರುತ್ತಿದ್ದಳು. ಕಿಟಕಿಯ ಬೆಳಕು ತಡೆಯಲು ಮೀನುಗಾರರ ಮನೆಯಿಂದ ದೋಣಿಗೆ ಮುಚ್ಚುವ ನೀಲಿ ತಾಡಪಾಲು ತರಿಸಿದವಳು ಅವಳೇ. ಮೊದಲ ವಾರ ಇಡೀ ಮೊಗಲ್ ಸಾಮ್ರಾಜ್ಯ ಒಣ ಸಿಗಡಿಯ ವಾಸನೆ ಹೊಡೆಯಿತು. ಮಧ್ಯಾಹ್ನ ಊಟದ ನಂತರ ಅದೇ ಕತ್ತಲ ಕೋಣೆಯಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಕೂತು ಮಾತಾಡುತ್ತಿದ್ದೆವು. ಏನು ಮಾತಾಡುತ್ತಿದ್ದೆವು ಎಂದು ಕೇಳಿದರೆ ಒಂದೂ ನೆನಪಿಲ್ಲ. ಆ ಹೊತ್ತು ಮಾತ್ರ ಚೆನ್ನಾಗಿ ನೆನಪಿದೆ.

ಮಾದೇವಿಯ ಗಂಡನ ಮನೆ ಭಟ್ಕಳದ ಮುಟ್ಟಳ್ಳಿಯಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಬಂದು ಸಂಜೆ ಬಸ್ಸು ಹಿಡಿದು ಹೋಗುವುದರಲ್ಲೇ ಅವಳ ಅರ್ಧ ಜೀವ ಸವೆಯುತ್ತಿತ್ತು. ಅತ್ತೆಗೆ ಮೈ ಸರಿಯಿಲ್ಲ. ವರ್ಗಾವಣೆಗೆ ಅರ್ಜಿ ಹಾಕುತ್ತಲೇ ಇದ್ದಳು, ಅದು ಆಗಲೆಂದು ನಾನೂ ದೇವರಿಗೆ ಹೇಳಿಕೊಂಡಿದ್ದೆ. ದೇವರು ನನ್ನ ಬೇರೆ ಎಷ್ಟೋ ಬೇಡಿಕೆಗಳನ್ನು ಹಾಗೇ ಬದಿಗಿಟ್ಟವನು, ಇದೊಂದನ್ನು ತಕ್ಷಣ ಕೈಗೆತ್ತಿಕೊಂಡ. ಮುಟ್ಟಳ್ಳಿ ಕಡೆಯ ಶಾಲೆಗೇ ಆದೇಶ ಬಂತು. ನಾನೇ ಪೇಢೆ ತರಿಸಿ ಎಲ್ಲರಿಗೂ ಹಂಚಿದೆ. ಅವಳು ಹೋದ ಮರುದಿನ ಸ್ಟಾಫ್ ರೂಮಿನಲ್ಲಿ ಡಬ್ಬದಲ್ಲಿ ಉಳಿದಿದ್ದ ಒಂದು ಪೇಢೆ ನೋಡಿ ಯಾಕೋ ಅಳು ಬಂತು, ಅತ್ತುಕೊಂಡೇ ತಿಂದೆ.

ಯಂತ್ರಕ್ಕೆ ನನ್ನನ್ನು ಕಂಡರಾಗದು. ಮಾದೇವಿ ಮುಟ್ಟಿದರೆ ಹೊತ್ತಿಕೊಳ್ಳುತ್ತಿದ್ದುದು ನಾನು ಮುಟ್ಟಿದರೆ ನೀಲಿಯಾಗಿ ನಿಂತುಬಿಡುತ್ತಿತ್ತು. ಮಕ್ಕಳು ಆ ನೀಲಿ ಪರದೆಯನ್ನೇ ಅರಬ್ಬೀ ಸಮುದ್ರವೆಂದು ತಿಳಿದು ನೋಟ್ಸ್ ಬರೆದುಕೊಳ್ಳಲು ತಯಾರಾಗುತ್ತಿದ್ದರು. ಒಂದು ದಿನ ಲ್ಯಾಪ್‌ಟಾಪಿನ ಮಟ್ಟಿಗೆ ಅದು ತಾನಾಗಿ ಸರಿಯಾಯಿತು. ಆಗ ನಾನು, ಮಕ್ಕಳು ಆಟಕ್ಕೆ ಹೋದ ಮೇಲೆ, ಲ್ಯಾಪ್‌ಟಾಪನ್ನು ಬಾವಿಕಟ್ಟೆಗೆ ಒಯ್ದು ಉಪಗ್ರಹದ ನಕ್ಷೆ ತೆರೆದೆ. ಶರಾವತಿಯ ಅಳಿವೆ ತೋರಿಸುವ ಪಾಠದಲ್ಲಿ ಮಾದೇವಿ ಅದನ್ನೇ ಬಾವಿಕಟ್ಟೆಯಲ್ಲಿ ಇಳಿಸಿಕೊಂಡು ಬಂದು ಹಾಕಿದ್ದಳು; ಮಕ್ಕಳೆಲ್ಲ ತಮ್ಮ ತಮ್ಮ ಮನೆಯ ಮಾಡು ಹುಡುಕುವುದರಲ್ಲಿ ಅಳಿವೆ ಅಲ್ಲೇ ಉಳಿದಿತ್ತು. ನಾನು ನಕ್ಷೆಯನ್ನು ತೆಂಕಣಕ್ಕೆ ಸರಿಸುತ್ತ ಸರಿಸುತ್ತ ಮುಟ್ಟಳ್ಳಿಗೆ ಹೋದೆ. ಗದ್ದೆ, ತೆಂಗಿನ ತಲೆಗಳು, ಕೆಂಪು ಹಂಚಿನ ಒಂದು ಉದ್ದನೆಯ ಮಾಡು. ಅದೇ ಅವಳ ಶಾಲೆ ಇರಬೇಕು ಎಂದುಕೊಂಡು ಸುಮಾರು ಹೊತ್ತು ನೋಡಿದೆ. ಚಿತ್ರ ತೆಗೆದ ದಿನ ಅಂಗಳದಲ್ಲಿ ಯಾರೂ ಇರಲಿಲ್ಲ. ತಂತ್ರಜ್ಞಾನ ಇಷ್ಟು ಮುಂದುವರಿದಿದೆ ಎನ್ನುತ್ತಾರೆ, ಒಬ್ಬರು ಹೊರಗೆ ಬಂದು ನಿಲ್ಲುವವರೆಗೆ ಕಾಯಲು ಅದಕ್ಕಾಗಲಿಲ್ಲ.

ಕೊನೆಗೆ ನಮ್ಮ ಹೆಡ್‌ಮಾಸ್ತರರ ಬೆನ್ನು ಹಿಡಿದು ಒಂದು ಅರ್ಜಿ ಹಾಕಿಸಿದೆ. ಯಂತ್ರ ನಡೆಸಲು ಶಾಲೆಯಲ್ಲಿ ಬೇರೆ ಯಾರಿಗೂ ಬಾರದ ಕಾರಣ ಮಾದೇವಿಯವರನ್ನು ವಾರಕ್ಕೆ ಎರಡು ದಿನ ನಮ್ಮಲ್ಲಿಗೆ ನಿಯೋಜಿಸಬೇಕು ಎಂದು. ಅವಳನ್ನು ಮೊದಲೇ ಕೇಳಿದ್ದೆ. ಎರಡು ದಿನವಾದರೆ ಅತ್ತೆಯನ್ನು ನೋಡಿಕೊಳ್ಳಲು ನಾದಿನಿ ಬರುತ್ತಾಳೆ, ತನಗೂ ಅಲ್ಲಿ ಮಾತಿಗೆ ಜನ ಇಲ್ಲದೆ ಬೇಜಾರು ಬಂದಿದೆ ಎಂದಿದ್ದಳು. ಶಿಕ್ಷಣ ಇಲಾಖೆಯ ಸಾಹೇಬರು ಅರ್ಜಿ ನೋಡಿ, ವಿಷಯ ನ್ಯಾಯವಾಗಿದೆ, ನೋಡೋಣ ಎಂದರಂತೆ. ನಮ್ಮಲ್ಲಿ ಸಾಹೇಬರು ‘ನೋಡೋಣ’ ಎಂದರೆ ಮುಕ್ಕಾಲು ಪಾಲು ಆದಂತೆ. ನಾನು ಎರಡು ದಿನ ಯಾವುದಿರಬೇಕು ಎಂದು ಯೋಚಿಸತೊಡಗಿದೆ. ಮಂಗಳವಾರ ಮತ್ತು ಶುಕ್ರವಾರ ಚೆನ್ನ ಅನ್ನಿಸಿತು.

ಅಷ್ಟರಲ್ಲಿ ಅದೇ ಸಾಹೇಬರಿಂದ ಇನ್ನೊಂದು ಸೂಚನೆ ಬಂತು. ತರಗತಿಯಲ್ಲಿ ಡಿಜಿಟಲ್ ಸಾಧನ ಬಳಸುವ ಬಗ್ಗೆ ಅನುಭವದಿಂದ ಒಂದು ಕೈಪಿಡಿ ಬರೆದುಕೊಡಿ, ಕುಮಟೆ, ಹೊನ್ನಾವರ, ಭಟ್ಕಳ ಮೂರೂ ತಾಲೂಕಿನ ಶಿಕ್ಷಕರಿಗೆ ಉಪಯೋಗವಾಗಲಿ ಎಂದು. ಬರೆಯುವವರು ಯಾರು? ಸಮಾಜ ವಿಜ್ಞಾನದ ಅಕ್ಕೋರು, ಅಂದರೆ ನಾನು. ನನಗೇ ಬಾರದ್ದನ್ನು ಹೇಗೆ ಬರೆಯಲಿ? ದಿನಾ ಸಂಜೆ ಮಾದೇವಿಗೆ ಫೋನು ಮಾಡತೊಡಗಿದೆ. ಅವಳು ಹೇಳುವುದು, ನಾನು ಬರೆಯುವುದು. ಒಂದು ಸಂಜೆಗೆ ವಯರು, ಇನ್ನೊಂದು ಸಂಜೆಗೆ ಗುಂಡಿಗಳು. ನಡುವೆ ಅವಳ ಅತ್ತೆಯ ಕಾಲುನೋವು, ನನ್ನ ಗಂಡನ ಕೆಸುವಿನ ಎಲೆ, ಅವಳ ಶಾಲೆಯ ಮಕ್ಕಳ ಮಗ್ಗಿ. ಕೈಪಿಡಿ ಬೇಗ ಮುಗಿದುಹೋದರೆ ಫೋನೂ ಮುಗಿಯುತ್ತದಲ್ಲ ಎಂಬ ಹೆದರಿಕೆಗೆ ನಾನು ಪ್ರಶ್ನೆಗಳನ್ನು ಹುಡುಕಿ ಹುಡುಕಿ ತೆಗೆದೆ. ಸಮುದ್ರದ ಗಾಳಿಗೆ ಪಿನ್ನು ಕಿಲುಬು ಹಿಡಿದರೆ? ಮಕ್ಕಳ ರಬ್ಬರಿನಿಂದ ತಿಕ್ಕಿ. ಫ್ಯಾನಿನ ಕಿಂಡಿಯಲ್ಲಿ ಹಲ್ಲಿ ಹೊಕ್ಕರೆ? ಸ್ವಿಚ್ಚು ತೆಗೆದು ಕಾಯಿರಿ, ಬಿಸಿ ಆರಿದರೆ ತಾನೇ ಹೊರಗೆ ಬರುತ್ತದೆ. ಮಧ್ಯೆ ಕರೆಂಟು ಹೋದರೆ? ಕರೆಂಟು ಬರುವವರೆಗೆ ಹೇಳಲು ಒಂದು ಕಥೆ ಸಿದ್ಧವಿರಲಿ. ಲೋಕದ ಯಾವ ಮಾರ್ಗದರ್ಶಿಯೂ ಹೇಳದಿದ್ದುದನ್ನೆಲ್ಲ ನನ್ನದು ಹೇಳಿತು. ಒಂದು ಸಂಜೆ ಕೇಳಲು ಏನೂ ಉಳಿಯದೆ, ಆಫ್ ಮಾಡುವುದು ಹೇಗೆ ಎಂದು ಕೇಳಿದೆ. ಅವಳು ನಕ್ಕಳು, ಆದರೆ ಅದನ್ನೂ ನಿಧಾನವಾಗಿ ಬಿಡಿಸಿ ಹೇಳಿದಳು.

ಕುಮಟೆಯಲ್ಲಿ ಮೂರು ತಾಲೂಕುಗಳ ಸಭೆ ಸೇರಿತು. ಅವಳ ಶಾಲೆಯಿಂದ ಬೇರೊಬ್ಬರು ಬಂದಿದ್ದರು. ಸಾಹೇಬರು ನನ್ನ ಕೈಪಿಡಿಯನ್ನು ಎತ್ತಿ ತೋರಿಸಿ, ಇದು ಎಷ್ಟು ನಿಜ ನೋಡೇಬಿಡೋಣ ಎಂದು, ಪ್ರೊಜೆಕ್ಟರನ್ನು ಜನ್ಮದಲ್ಲಿ ಮುಟ್ಟದ ಒಬ್ಬ ಹಿರಿಯ ಮಾಸ್ತರರನ್ನು ಮುಂದೆ ಕರೆದರು. ಅವರು ಕನ್ನಡಕ ಏರಿಸಿ, ಒಂದೊಂದೇ ಸಾಲು ಗಟ್ಟಿಯಾಗಿ ಓದಿ, ಒಂದೊಂದೇ ಕೆಲಸ ಮಾಡಿದರು. ರಬ್ಬರಿನಿಂದ ಪಿನ್ನು ತಿಕ್ಕುವುದನ್ನೂ ಬಿಡಲಿಲ್ಲ. ಪರದೆ ಬೆಳಗಿತು. ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು. ನಾನು ಎದ್ದು ನಿಂತು ಕೈಮುಗಿದೆ; ಈ ಕೆಲಸದಲ್ಲಿ ಅಷ್ಟು ದೊಡ್ಡ ಚಪ್ಪಾಳೆ ನನಗೆ ಎಂದೂ ಸಿಕ್ಕಿರಲಿಲ್ಲ. ಚಹಾ, ಬನ್ಸು ಬರುವ ಹೊತ್ತಿಗೆ ಸಾಹೇಬರು ನನ್ನ ಬಳಿ ಬಂದರು.

“ಮೇಡಂ, ಯಂತ್ರ ನಡೆಸಲಿಕ್ಕೆ ಜನ ಇಲ್ಲ ಅಂತ ನಿಮ್ಮ ಶಾಲೆಯದೊಂದು ಅರ್ಜಿ ಇತ್ತಲ್ಲ. ಇಷ್ಟು ಚೆಂದ ಕೈಪಿಡಿ ಇದ್ದ ಮೇಲೆ ಇನ್ನು ಯಾರೂ ಬರೋದು ಬೇಡ ಅಲ್ವಾ?”

ನನ್ನ ಕಿವಿಯಲ್ಲಿ ಚಪ್ಪಾಳೆ ಇನ್ನೂ ಇತ್ತು. ಬಾಯಲ್ಲಿ ಬನ್ಸು ಇತ್ತು. ಹೌದು ಎಂದು ತಲೆಯಾಡಿಸಿದೆ. ಅವರು ಸಂತೋಷದಿಂದ ಮುಂದೆ ಹೋದರು. ತಲೆ ಆಡಿಸಿದ್ದು ಯಾವುದಕ್ಕೆ ಎಂದು ಬನ್ಸು ಗಂಟಲಿಗೆ ಇಳಿದ ಮೇಲೆ ನನಗೆ ತಿಳಿಯಿತು. ಹಿಂದೆ ಓಡಿಹೋಗಿ ಹೇಳಬಹುದಿತ್ತು. ಏನೆಂದು ಹೇಳುವುದು? ಯಂತ್ರ ನಡೆಸಲು ಈಗ ನನಗೆ ಬರುತ್ತದೆ ಸಾಹೇಬರೇ, ಮಾದೇವಿ ಬೇಕಾದದ್ದು ಅದಕ್ಕಲ್ಲ ಎಂದೇ? ಮನಸ್ಸಿಗೆ ಬೇಕು ಎನ್ನುವುದಕ್ಕೆ ಇಲಾಖೆಯಲ್ಲಿ ನಿಯೋಜನೆ ಇಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮಾದೇವಿಗೆ ಫೋನು ಮಾಡಿದೆ.

“ಎಂತ ಆತು ಅಕ್ಕೋರೆ?” ಎಂದಳು.

“ಕೈಪಿಡಿ ಪಾಸಾತು.”

“ಮತ್ತೆ ಅರ್ಜಿ?”

ಹೇಳಿದೆ. ಅವಳ ಕಡೆಯಿಂದ ಯಾರೋ ತೆಂಗಿನ ಗರಿ ಎಳೆಯುವ ಸದ್ದು ಕೇಳುತ್ತಿತ್ತು.

“ಎಲ್ಲಾದ್ರೂ ಒಂದು ತಪ್ಪು ಬರೀಲಿಕ್ಕೆ ಆಗ್ಲಿಲ್ವಾ ಅಕ್ಕೋರೆ?”

“ನೀನಾದರೂ ಒಂದು ತಪ್ಪು ಹೇಳಿಕೊಡಬಹುದಿತ್ತಲ್ಲ ಮಾರಾಯ್ತಿ.”

“ತಪ್ಪು ಹೇಳಿದ್ರೆ ಮಕ್ಕಳ ಎದುರಿಗೆ ನಿಮಗೇ ಕಷ್ಟ ಆಗೂದಲ್ದಾ,” ಎಂದಳು ಮಾದೇವಿ. ಬಸ್ಸು ಹೊನ್ನಾವರ ಮುಟ್ಟುವವರೆಗೂ ಫೋನು ಕಿವಿಯಲ್ಲೇ ಇತ್ತು.

ಈಗ ಕೈಪಿಡಿ ಮೂರೂ ತಾಲೂಕಿನಲ್ಲಿ ಓಡಾಡುತ್ತಿದೆ. ಗೊತ್ತಿಲ್ಲದವರೆಲ್ಲ ಫೋನು ಮಾಡಿ ಹಲ್ಲಿಯ ವಿಷಯ ಕೇಳುತ್ತಾರೆ, ಹೊಗಳುತ್ತಾರೆ. ಮುಟ್ಟಳ್ಳಿಯಿಂದ ಫೋನು ಬರುವುದು ಕಡಿಮೆ; ಅವಳಿಗೆ ಕೇಳಲು ಏನಿದೆ, ಎಲ್ಲ ಬರುತ್ತದೆ. ನಾನು ಮಾಡಿದರೆ ಅವಳ ಅತ್ತೆ ಎತ್ತಿ, ಎಂತ ಕೆಲಸ ಇತ್ತು ಎಂದು ಕೇಳುತ್ತಾರೆ. ಕೆಲಸವಿಲ್ಲದೆ ಫೋನು ಮಾಡುವುದು ನನಗೂ ಅಭ್ಯಾಸವಿಲ್ಲ, ಕೆಲಸವಿಲ್ಲ ಎಂದು ಹೇಳಲು ನಾಚಿಕೆ. ಅದಕ್ಕೇ ಯಂತ್ರ ಒಂದು ಸಲ ಕೆಟ್ಟು ಕೂರಲಿ ಎಂದು ದಿನಾ ಬೆಳಿಗ್ಗೆ ಆಸೆಯಿಂದ ಗುಂಡಿ ಒತ್ತುತ್ತೇನೆ. ಅದು ಕೆಡುವುದಿಲ್ಲ. ಕೆಡುವುದಾದರೂ ಹೇಗೆ, ನಾನು ಅದನ್ನು ಕೈಪಿಡಿಯಲ್ಲಿ ಹೇಳಿದ ಹಾಗೆಯೇ ನಡೆಸುತ್ತಿದ್ದೇನೆ.